ಗೇಟಿನಮ್ಮನ ಮುಂದೆ ನಿಂತ ಲಾರಿ

ರೈಲ್ವೆ ಗೇಟು ಬಿತ್ತೆಂದರೆ ಆ ಬಡಾವಣೆಯಲ್ಲಿ ಎಲ್ಲವೂ ನಿಲ್ಲುತ್ತಿತ್ತು, ಬಾಯಿಗಳು ಮಾತ್ರ ನಿಲ್ಲುತ್ತಿರಲಿಲ್ಲ. ಚೆನ್ನೈ ಪಟ್ಟಣ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೂ ಒಂದಿಷ್ಟು ಉಳಿದಿರುತ್ತದಲ್ಲ, ಆವಡಿಯ ಆಚೆಗಿನ ಅಂಥ ಜಾಗ ಅದು. ಹಾಲಿನವರು, ಶಾಲೆಯ ಆಟೋಗಳು, ಕೋಯಂಬೇಡಿನಿಂದ ತರಕಾರಿ ಹೇರಿಕೊಂಡು ಬಂದ ಟೆಂಪೋಗಳು, ಇಟ್ಟಿಗೆ ಲಾರಿಗಳು, ಎಲ್ಲ ಒಂದರ ಬಾಲ ಒಂದು ಹಿಡಿದು ನಿಲ್ಲುತ್ತಿದ್ದವು. ಗೇಟಿನವನನ್ನು ಬೈಯುವುದೇ ಅಲ್ಲಿಯ ಸುಪ್ರಭಾತ. ಒಂದು ಎಲೆಕ್ಟ್ರಿಕ್ ಟ್ರೈನ್ ಹೋದ ಕೂಡಲೇ ಸೈಕಲ್ಲಿನವರು ಕಂಬದಡಿ ತಲೆ ತೂರಿಸುತ್ತಿದ್ದರು. ಪಕ್ಕದ ಹಳಿಯಲ್ಲಿ ಇನ್ನೊಂದು ಬರುತ್ತಿದೆ ಎಂದು ಅವನು ಗಂಟಲು ಹರಿದುಕೊಂಡರೆ, ಅವನ ಗಂಟಲಿರುವುದೇ ಅದಕ್ಕೆ ಎಂಬಂತೆ ದಾಟಿ ಹೋಗುತ್ತಿದ್ದರು.

ಹಳಿ ದಾಟಿದ ತಕ್ಷಣ, ಎಡಗಡೆಗೆ, ಬೇವಿನ ಮರದ ಬುಡದಲ್ಲಿ ಒಂದು ಪುಟ್ಟ ಗುಡಿ. ಒಳಗೆ ಅರಿಶಿನ ಮೆತ್ತಿದ ಒಂದು ಕಲ್ಲು, ಕಲ್ಲಿಗೆ ಎರಡು ಬೆಳ್ಳಿಯ ಕಣ್ಣು. ಅಲ್ಲಿಯ ತಮಿಳರು ಅವಳನ್ನು ಏನೆಂದು ಕರೆಯುತ್ತಿದ್ದರೋ, ನಾಲ್ಕಾರು ಕನ್ನಡದ ಮನೆಗಳಲ್ಲಿ ಮಾತ್ರ ಅವಳು ಗೇಟಿನಮ್ಮ. ಆ ದಾರಿಯ ಲಾರಿಗಳಿಗೆ ಒಂದು ಪದ್ಧತಿ ಇತ್ತು. ಹಳಿ ದಾಟಿದವರು ಅಮ್ಮನ ಮುಂದೆ ನಿಲ್ಲಿಸಲೇಬೇಕು. ಇಳಿಯಬೇಕಾಗಿಲ್ಲ. ಪೂಜಾರಿ ತಟ್ಟೆ ಹಿಡಿದು ತಾನೇ ಕಿಟಕಿಯ ಹತ್ತಿರ ಬರುತ್ತಾನೆ. ಲಾರಿಯ ಗಾಜಿಗೆ ಒಂದು ಬೊಟ್ಟು, ಡ್ರೈವರನ ಹಣೆಗೆ ಒಂದು ಬೊಟ್ಟು, ಕರ್ಪೂರದ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಂಡು, ತಟ್ಟೆಗೆ ಚಿಲ್ಲರೆ ಹಾಕಿದ ಮೇಲೆಯೇ ಗೇರು. ರಸ್ತೆ ಕಿರಿದು, ಎರಡೂ ಕಡೆ ಚರಂಡಿ. ಮುಂದಿನ ಲಾರಿ ಅಮ್ಮನ ಮುಂದೆ ನಿಂತರೆ ಹಿಂದಿನ ಲಾರಿ ಎಲ್ಲಿ ನಿಲ್ಲಬೇಕು? ಹಳಿಯ ಮೇಲೆ. ಆ ಪ್ರಶ್ನೆಯನ್ನು ಯಾರೂ ಕೇಳಿಕೊಂಡಿರಲಿಲ್ಲ. ಗುಣವತಿಯಂತೂ ಕೇಳಿಕೊಂಡಿರಲೇ ಇಲ್ಲ.

ಗುಣವತಿಯ ಗಂಡ ಅಂದಾನಿ ಇಟ್ಟಿಗೆ ಲಾರಿಯ ಡ್ರೈವರ್. ಕೊಳ್ಳೇಗಾಲದ ಕಡೆಯವರು, ಹೊಟ್ಟೆಪಾಡಿಗೆ ಬಂದು ಇಲ್ಲಿಯವರೇ ಆಗಿದ್ದರು. ಪೆರುಂಗುಡಿಯ ಕಡೆ ಗಾಜಿನ ಆಫೀಸುಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳು ಅವು. ಗೂಡಿನಲ್ಲಿ ಇಟ್ಟಿಗೆ ಬೇಯುವುದೇ ತಡ, ಲಾರಿ ಓಡಬೇಕು. ಹೊತ್ತೇರಿದರೆ ಪಟ್ಟಣದೊಳಗೆ ಲಾರಿ ಬಿಡುವುದಿಲ್ಲವಾದ್ದರಿಂದ ಎಲ್ಲರಿಗೂ ಬೆಳಗಿನ ಆತುರ. ಗುಣವತಿ ತನ್ನ ತಮ್ಮ ಕಿಟ್ಟುವನ್ನೂ ಊರಿಂದ ಕರೆಸಿ ಅದೇ ಗೂಡಿನ ಇನ್ನೊಂದು ಲಾರಿಗೆ ಸೇರಿಸಿದ್ದಳು. ತಾಯಿ ಇಲ್ಲದ ಹುಡುಗನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಈಗ ಮೀಸೆ ಬಂದು, ಎದೆಯೆತ್ತರ ಬೆಳೆದು, ಸ್ಟೀರಿಂಗ್ ಹಿಡಿದಿದ್ದರೂ ಅವಳ ಕಣ್ಣಿಗೆ ಅವನಿನ್ನೂ ಸೊಂಟದ ಮೇಲೆಯೇ ಇದ್ದ. ಭಾವನ ಲಾರಿ ಮುಂದೆ, ಭಾವಮೈದುನನ ಲಾರಿ ಹಿಂದೆ. ಬೆಳಗಾದರೆ ಅವರಿಬ್ಬರದು ಅದೇ ಮೆರವಣಿಗೆ.

ಒಮ್ಮೆ ಮಳೆಗಾಲದಲ್ಲಿ ಅಂದಾನಿಯ ಲಾರಿ ಅದೇ ಗೇಟಿನ ಸಮೀಪ ಚರಂಡಿಗೆ ಉರುಳಿತ್ತು. ಇಟ್ಟಿಗೆಯೆಲ್ಲ ಅವನ ಮೇಲೆ ಸುರಿದಿತ್ತು. ಅವನು ಮಾತ್ರ ತರಚು ಗಾಯದೊಂದಿಗೆ ಎದ್ದು ಬಂದ. ಅವತ್ತು ಗುಣವತಿ ಒದ್ದೆ ಸೀರೆಯಲ್ಲೇ ಗುಡಿಯ ಮುಂದೆ ಮಂಡಿಯೂರಿ ಹರಕೆ ಹೊತ್ತಳು. ನನ್ನ ಗಂಡ ನಿನ್ನ ಮುಂದೆ ನಿಲ್ಲಿಸದೆ, ನಿನ್ನ ಆರತಿ ಮುಟ್ಟದೆ ಒಂದು ದಿನವೂ ಮುಂದೆ ಹೋಗುವುದಿಲ್ಲ ತಾಯಿ.

ಆ ಹರಕೆಗೆ ನೀರೆರೆದವಳು ಅತ್ತೆ ಚಿಕ್ಕತಾಯಮ್ಮ. ಅವಳ ಹತ್ತಿರ ಗೇಟಿನಮ್ಮನ ಕಥೆಯೊಂದಿತ್ತು. ಊರಿಂದ ತಂದದ್ದೋ, ಇಲ್ಲಿ ಬಂದ ಮೇಲೆ ತಾನೇ ನೇಯ್ದದ್ದೋ ಯಾರಿಗೂ ತಿಳಿಯದು. ಮಧ್ಯಾಹ್ನ ಅಕ್ಕಿ ಆರಿಸುತ್ತ ಹೇಳುತ್ತಿದ್ದಳು. ಬಿಳಿಯರು ಭೂಮಿಯ ಮೇಲೆ ಕಬ್ಬಿಣ ಹಾಸಿದಾಗ ಅದರ ಮೇಲೆ ಒಂದು ಹಾವು ಬಂತಂತೆ. ಕಬ್ಬಿಣದ ಹಾವು. ಅದಕ್ಕೆ ಕಿವಿ ಇಲ್ಲ, ಮೈಯೊಳಗೆ ಎಲುಬು ಇಲ್ಲ, ಬರೀ ಓಟ. ಬೇವಿನ ಮರದಲ್ಲಿದ್ದ ಅಮ್ಮ ಇಳಿದು ಬಂದು ಅದರ ತಲೆಯ ಮೇಲೆ ಕೈಯಿಟ್ಟು, ನನ್ನ ಮಕ್ಕಳು ಬಂದಾಗ ನಿಲ್ಲು ಎಂದು ಕೇಳಿದಳಂತೆ. ಹಾವು ಅಳುತ್ತ, ನಾನು ನಿಂತರೂ ನನ್ನ ಮೈ ನಿಲ್ಲುವುದಿಲ್ಲ ತಾಯಿ, ನಿಂತ ಮೇಲೂ ಓಡುತ್ತಲೇ ಇರುತ್ತೇನೆ, ಅದು ನನಗಿರುವ ಶಾಪ ಎಂದಿತಂತೆ. ಹಾಗಾದರೆ ನಾನೇ ಇಲ್ಲಿ ಕೂರುತ್ತೇನೆ ಎಂದು ಅಮ್ಮ ಹಳಿಯ ಪಕ್ಕ ಕೂತುಬಿಟ್ಟಳು.

ಕಥೆಯನ್ನು ಚಿಕ್ಕತಾಯಮ್ಮ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಅಮ್ಮ ಕೂತಿದ್ದಾಳೆ, ಇನ್ನು ಭಯವೇನು ಎಂದು ಗುಣವತಿ ಉಳಿದದ್ದನ್ನು ಮನಸ್ಸಿನಲ್ಲೇ ಮುಗಿಸಿಕೊಂಡಿದ್ದಳು.

ಬೆಳಿಗ್ಗೆ ಎದ್ದು, ರಾತ್ರಿಯೇ ಇಟ್ಟಿಗೆ ತುಂಬಿ ತಂದು ನಿಲ್ಲಿಸಿರುತ್ತಿದ್ದ ಎರಡು ಲಾರಿಗೂ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಕಟ್ಟುವುದು ಅವಳ ಕೆಲಸ. ಮನೆಯಿಂದ ಆ ಗೇಟು ಕೂಗಳತೆಯಲ್ಲಿತ್ತು. ಲಾರಿಗಳು ಹೊರಟ ಮೇಲೆ ಅವಳು ಒಲೆಯ ಮುಂದೆ ಕೂತು ಕಿವಿಗೊಡುತ್ತಿದ್ದಳು. ಮೊದಲು ಗೇಟಿನ ಗಂಟೆ, ಆಮೇಲೆ ಲಾರಿ ಹಳಿ ಹತ್ತಿಳಿಯುವ ಗಡಗಡ, ಆಮೇಲೆ ಕಿಟ್ಟುವಿನ ಹಾರನ್. ಭಾವ ಅಮ್ಮನ ಮುಂದೆ ತಲೆಬಾಗಿಸಿ ಕೂತರೆ ಹಿಂದಿನಿಂದ ಕಿಟ್ಟು ಹಾರನ್ನಿನಲ್ಲೇ ಮದುವೆ ಓಲಗ ಊದುತ್ತಿದ್ದ. ಪೊಂ ಪೊಂ ಪೊಪೊಪೊಂ. ಸಂಜೆ ಮನೆಗೆ ಬಂದು, ನಮ್ ಭಾವ ದಿನಾ ಬೆಳಿಗ್ಗೆ ಹಸೆಮಣೆ ಮೇಲೆ ಕೂತ್ಕೋತದೆ ಕಣಕ್ಕ, ಓಲಗ ಊದೋನು ನಾನೊಬ್ನೇ ಎಂದು ನಗಿಸುತ್ತಿದ್ದ. ಆ ಓಲಗ ಕೇಳಿಸಿತೆಂದರೆ ಗುಣವತಿಗೆ ಇಬ್ಬರೂ ಕ್ಷೇಮ ಎಂದು ಅರ್ಥ. ಅವಳು ಎದ್ದು ಅಕ್ಕಿ ತೊಳೆಯುತ್ತಿದ್ದಳು.

ಪಕ್ಕದ ಮನೆಯಲ್ಲಿ ಗುರುಚರಣ ಇದ್ದ. ಅಜ್ಜನ ಕಾಲದಿಂದ ರೈಲ್ವೆಯವರು, ಮದರಾಸಿನಲ್ಲೇ ಹುಟ್ಟಿದವರು; ಕನ್ನಡ ಮಾತಾಡಿದರೆ ನಡುನಡುವೆ ತಮಿಳು ಇಣುಕುತ್ತಿತ್ತು. ಎಲೆಕ್ಟ್ರಿಕ್ ಟ್ರೈನ್ ಓಡಿಸುವ ಮೋಟರ್‌ಮನ್. ಪುರಸೈವಾಕ್ಕಂಗೆ ರವಿಕೆ ಬಟ್ಟೆ ತರಲು ಹೋದಾಗ ಗುಣವತಿ ಎಷ್ಟೋ ಸಲ ಅವನ ಟ್ರೈನಿನಲ್ಲೇ ಕೂತು ಹೋಗಿದ್ದಳು. ಅವಳು ಅವನನ್ನು ಗುರಣ್ಣ ಎನ್ನುತ್ತಿದ್ದಳು.

ಒಂದು ಭಾನುವಾರ ಊಟವಾದ ಮೇಲೆ ಎಲ್ಲರೂ ಜಗಲಿಯ ಮೇಲೆ ಕೂತಿದ್ದರು. ಗುರುಚರಣ ಎಂದಿನಂತೆ ನಗುತ್ತಿರಲಿಲ್ಲ. ಹಿಂದಿನ ದಿನ ಗೇಟಿನ ಹತ್ತಿರ ಬರುವಾಗ ಒಂದು ಟೆಂಪೋದ ಹಿಂಭಾಗ ಹಳಿಯಿಂದ ಆಗತಾನೆ ಜಾರಿ ಹೋದದ್ದನ್ನು ಕಂಡೆನೆಂದ.

“ಅಂದಾನಿ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಪ್ಪಾ,” ಎಂದ. “ಗೇಟು ದಾಟಿದ ಕೂಡ್ಲೇ ನಿಲ್ಲಿಸ್ತೀರಲ್ಲ, ಅದು ರೊಂಬ ತಪ್ಪು. ನೀನು ದಾಟಿರ್ತೀಯ, ಸರಿ. ನಿನ್ನ ಹಿಂದೆ ಬಂದವನ ಗತಿ ಏನು? ಅವನ ಅರ್ಧ ಲಾರಿ ಹಳಿ ಮೇಲಿರುತ್ತೆ.”

“ನಾವು ಬರೋದು ಕಂಡ್ರೆ ನೀನು ಬ್ರೇಕ್ ಹಾಕು ಗುರಣ್ಣ,” ಎಂದಳು ಗುಣವತಿ ಎಲೆಗೆ ಸುಣ್ಣ ಹಚ್ಚುತ್ತ.

“ಬ್ರೇಕ್ ಹಾಕೋದು ನನ್ನ ಕೈಲಿದೆ ಗುಣವತಿ. ನಿಲ್ಲೋದು ನನ್ನ ಕೈಲಿಲ್ಲ. ನಿಮ್ಮ ಬೀದಿ ಮೂಲೇಲಿ ಬ್ರೇಕ್ ಹಿಡಿದ್ರೆ ಅದು ಹೋಗಿ ಮಾರ್ಕೆಟ್ ದಾಟಿದ ಮೇಲೆ ನಿಲ್ಲುತ್ತೆ. ಅಷ್ಟು ಭಾರ ಅದು. ಲಾರಿಗಾದ್ರೆ ಸ್ಟೀರಿಂಗ್ ಇದೆ, ಅತ್ತ ಇತ್ತ ತಿರುಗಿಸ್ಬಹುದು. ನನಗೆ ಸ್ಟೀರಿಂಗೇ ಇಲ್ಲ.”

“ಸ್ಟೀರಿಂಗೇ ಇಲ್ದೆ ಸಂಬಳ ಎಣಿಸ್ತೀರಲ್ಲಣ್ಣ,” ಎಂದ ಕಿಟ್ಟು. “ನಮ್ಗೂ ಅಂತದೊಂದು ಕೆಲ್ಸ ಕೊಡ್ಸಿ.”

ಎಲ್ಲರೂ ನಕ್ಕರು. ಗುರುಚರಣ ಮಾತ್ರ ಕಿಟ್ಟುವಿನ ಮುಖವನ್ನೇ ನೋಡುತ್ತ, ಅಂದಾನಿಯ ಹಿಂದೆ ದಿನವೂ ಬರುವವನು ಇವನೇ ಅಲ್ಲವೇ ಎಂದು ಮೆಲ್ಲಗೆ ಕೇಳಿದ. ನಗು ಅಲ್ಲಿಗೆ ನಿಂತಿತು.

ಆಮೇಲೆ ಅವನು ನಿಧಾನವಾಗಿ ಬಿಡಿಸಿ ಹೇಳಿದ. ಗೇಟು ತೆರೆದಿದ್ದರೂ ಆಚೆ ಬದಿಯಲ್ಲಿ ನಿಮ್ಮ ಇಡೀ ಗಾಡಿ ಹಿಡಿಸುವಷ್ಟು ಜಾಗ ಖಾಲಿ ಇದೆಯೇ ನೋಡಬೇಕು. ಇಲ್ಲವಾದರೆ ಈಚೆಯೇ ನಿಲ್ಲಬೇಕು. ಕಂಬ ಇಳಿಯಲು ಶುರುವಾದ ಮೇಲಂತೂ ನುಗ್ಗಲೇಬಾರದು. ದಾಟಿದವರು ನಿಲ್ಲದೆ ಮುಂದೆ ಸಾಗಿ ಹಿಂದಿನವರಿಗೆ ಜಾಗ ಬಿಡಬೇಕು. ಒಂದು ವೇಳೆ ಹಳಿಯ ಮೇಲೆ ಸಿಕ್ಕಿಕೊಂಡರೆ ಗಾಡಿಯ ಆಸೆ ಬಿಟ್ಟು ಹಾರಿ ಓಡಬೇಕು. ಈ ಗೇಟು ಹಳೆಯದು, ಸಿಗ್ನಲ್ಲಿಗೂ ಇದಕ್ಕೂ ಕೊಂಡಿಯಿಲ್ಲ, ಗೇಟು ತೆರೆದಿದೆಯೋ ಮುಚ್ಚಿದೆಯೋ ನನಗೆ ಅಷ್ಟು ದೂರದಿಂದ ತಿಳಿಯುವುದಿಲ್ಲ ಎಂದೂ ಹೇಳಿದ.

ಅಂದಾನಿ ತಲೆದೂಗಿದ. ಇನ್ನು ಮೇಲೆ ಓಡುವ ಲಾರಿಯಿಂದಲೇ ಅಮ್ಮನಿಗೆ ಕೈ ಮುಗಿದು, ಮುಂದೆ ಹುಣಿಸೆ ತೋಪಿನ ಬಯಲಿನಲ್ಲಿ ಬೇಕಾದರೆ ನಿಲ್ಲಿಸುತ್ತೇನೆ ಎಂದ. ಗುಣವತಿಯ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು.

“ನನ್ ಹರಕೆ ಏನಾಯ್ತದೆ?”

“ಹರಕೆ ಎಲ್ಲಿಗೂ ಓಡೋಗಕ್ಕಿಲ್ಲ ಬುಡು.”

“ಇಟ್ಟಿಗೆ ಅಡೀಲಿ ಸತ್ತಿದ್ದೋನ್ನ ಎತ್ತಿ ಕೊಟ್ಟೋಳು ಅವ್ಳು. ಅವ್ಳ ಮುಂದೆ ನಿಲ್ಲಕ್ಕೆ ನಿಮ್ಗೆ ಪುರುಸೊತ್ತಿಲ್ವಾ? ಅವ್ಳು ಕೂತಿರೋದೇ ಗೇಟು ಕಾಯಕ್ಕೆ. ಗುರಣ್ಣನ ಟ್ರೈನು ಅವ್ಳಿಗಿಂತ ದೊಡ್ದಾ?”

ಗುರುಚರಣ ಇನ್ನೂ ಏನೋ ಹೇಳಹೊರಟವನು ಅವಳ ಕಣ್ಣು ತುಂಬಿದ್ದು ಕಂಡು ಎದ್ದು ತನ್ನ ಮನೆಗೆ ಹೋದ. ದೇವರ ವಿಷಯಕ್ಕೆ ಅಡ್ಡ ಬಂದವನೆನ್ನಿಸಿಕೊಳ್ಳುವುದು ಯಾರಿಗೆ ಬೇಕು? ಗುಣವತಿ ಒಳಗೆ ಹೋಗಿ ದೀಪ ಹಚ್ಚಿದಳು. ಗಂಡನ ಕೈಯನ್ನು ದೀಪದ ಮೇಲೆ ಹಿಡಿಸಿ, ಆರತಿ ಮುಟ್ಟದೆ ಲಾರಿ ಎತ್ತುವುದಿಲ್ಲ ಎಂದು ಆಣೆ ತೆಗೆದುಕೊಂಡಳು. ಅಂದಾನಿ ಆಣೆಯಿಟ್ಟ. ಹೆಂಡತಿ ಅಳುವುದನ್ನು ನೋಡಲಾರದ ಗಂಡಸು ಅವನು.

ಬಾಗಿಲಲ್ಲಿ ನಿಂತಿದ್ದ ಕಿಟ್ಟು, “ನಂಗೂ ಆಣೆ ಬೇಕಾ ಅಕ್ಕ?” ಎಂದ.

“ನಿಂಗ್ಯಾಕೋ? ನೀನು ಭಾವನ ಬೆನ್ನಿಂದೆ ಇರು ಸಾಕು. ನಿಂಗೇನೂ ಆಗಕ್ಕಿಲ್ಲ.”

ಪೊಂಗಲ್ ಕಳೆದ ಮೇಲೆ ಒಂದಷ್ಟು ದಿನ ಆ ಕಡೆ ಬೆಳಗಿನ ಹೊತ್ತು ಮಂಜು ಬೀಳುತ್ತದೆ. ಅಂಥದೊಂದು ಬೆಳಿಗ್ಗೆ ಗುಣವತಿ ಎರಡು ಲಾರಿಗೂ ನಿಂಬೆಹಣ್ಣು ಕಟ್ಟಿದಳು. ಕಿಟ್ಟು ಚಳಿಗೆ ಅವಳ ಹಳೆಯ ಶಾಲನ್ನು ತಲೆಗೆ ಸುತ್ತಿಕೊಂಡು, ಹೆಂಗಸರಂತೆ ಸೆರಗೆಳೆದು ಅಣಕಿಸಿ, ಲಾರಿ ಹತ್ತಿದ. ಅವಳು ಒಲೆಯ ಮುಂದೆ ಬಂದು ಕೂತಳು.

ಗೇಟಿನ ಗಂಟೆ ಕೇಳಿಸಿತು. ಕಂಬ ಇಳಿಯುತ್ತಿದೆ ಎಂದು ಅದರ ಅರ್ಥ. ಅದರ ಜೊತೆಗೇ ಲಾರಿಯ ಗಡಗಡವೂ ಕೇಳಿಸಿತು. ಇಳಿಯುವ ಕಂಬದಡಿ ನುಸುಳುವುದು ಅಲ್ಲಿ ಎಲ್ಲರ ರೂಢಿ, ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಿಂದೆಯೇ ಕಿಟ್ಟುವಿನ ಹಾರನ್ ಕೇಳಿತು. ಅವಳು ನಕ್ಕಳು. ಓಲಗ ಶುರುವಾಯಿತು, ಇಬ್ಬರೂ ದಾಟಿದರು ಎಂದುಕೊಂಡು ಅಕ್ಕಿಯ ಪಾತ್ರೆಗೆ ನೀರು ಬಿಟ್ಟಳು.

ಹಾರನ್ ನಿಲ್ಲಲಿಲ್ಲ. ಅದರಲ್ಲಿ ಓಲಗದ ತಾಳವಿರಲಿಲ್ಲ. ಒಂದೇ ಸಮನೆ, ಉಸಿರು ತೆಗೆದುಕೊಳ್ಳದೆ, ಅದು ಕೂಗುತ್ತಲೇ ಇತ್ತು. ಗುಣವತಿಯ ಕೈ ನೀರಿನಲ್ಲೇ ನಿಂತಿತು. ಆಮೇಲೆ ಅದಕ್ಕಿಂತ ದೊಡ್ಡದೊಂದು ಕೂಗು ಮಂಜಿನೊಳಗಿಂದ ಬಂತು. ಅದು ಟ್ರೈನಿನದು. ಸ್ವಲ್ಪ ಹೊತ್ತು ಎರಡೂ ಕೂಗುಗಳು ಒಟ್ಟಿಗೇ ಇದ್ದವು. ನೆಲ ನಡುಗಿತು. ಆಮೇಲೆ ಎರಡೂ ಇರಲಿಲ್ಲ.

ಅವಳು ಒದ್ದೆ ಕೈಯಲ್ಲೇ ಓಡಿದಳು.

ಮೊದಲು ಕಂಡದ್ದು ಗಂಡನ ಲಾರಿ. ಅಮ್ಮನ ಮುಂದೆ, ಅದರ ಎಂದಿನ ಜಾಗದಲ್ಲಿ ಅದು ನಿಂತಿತ್ತು. ಹಿಂಬದಿಯ ಹಲಗೆ ಮುರಿದಿತ್ತು, ಅಷ್ಟೇ. ಗಾಜಿನ ಮೇಲೆ ಹೊಸ ಕುಂಕುಮ. ಪೂಜಾರಿ ತಟ್ಟೆ ಹಿಡಿದುಕೊಂಡೇ ಚರಂಡಿಯ ಅಂಚಿನಲ್ಲಿ ಕುಸಿದು ಕೂತಿದ್ದ. ಅದರ ಹಿಂದೆ ಕಿಟ್ಟುವಿನ ಲಾರಿ ಇರಬೇಕಾದ ಕಡೆ ಏನೂ ಇರಲಿಲ್ಲ. ಹಳಿಯುದ್ದಕ್ಕೂ ಇಟ್ಟಿಗೆ ಚೆಲ್ಲಿತ್ತು. ದೂರದಲ್ಲಿ ಟ್ರೈನು ಒಂದು ಪಕ್ಕಕ್ಕೆ ವಾಲಿ ನಿಂತಿತ್ತು, ಮುಂದಿನ ಡಬ್ಬಿಯಿಂದ ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕೆಳಗೆ ಜಾರುತ್ತಿದ್ದರು. ಎಷ್ಟೋ ಜನರ ಕೈಕಾಲು ಮುರಿದಿತ್ತು. ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಹೂವಿನವಳೊಬ್ಬಳು ಅಲ್ಲೇ ತೀರಿಹೋಗಿದ್ದಳು. ಮಲ್ಲಿಗೆ ಹೂವು ಜಲ್ಲಿಕಲ್ಲಿನ ಮೇಲೆಲ್ಲ ಬಿದ್ದಿತ್ತು.

ಕಿಟ್ಟುವನ್ನು ನೋಡಲು ಅವಳನ್ನು ಬಿಡಲಿಲ್ಲ. ಶಾಲನ್ನು ಯಾರೋ ತಂದು ಕೈಗೆ ಕೊಟ್ಟರು.

ನಡೆದದ್ದನ್ನು ಗೇಟಿನವನು ಹೇಳಿದ. ಕಂಬ ಇಳಿಯುತ್ತಿದ್ದಾಗ ಮುಂದಿನ ಲಾರಿ ನುಸುಳಿತು, ಹಿಂದೆಯೇ ಇನ್ನೊಂದು. ಮುಂದಿನದು ಗುಡಿಯ ಮುಂದೆ ನಿಂತಿತು. ಹಿಂದಿನದರ ಇಟ್ಟಿಗೆಯ ಮೇಲೆ ಕಂಬ ಬಿದ್ದು ಸಿಕ್ಕಿಕೊಂಡಿತು. ಮುಂದೆ ಭಾವನ ಲಾರಿ, ಹಿಂದೆ ಗೇಟಿನ ಕಂಬ, ಪಕ್ಕದಲ್ಲಿ ಚರಂಡಿ. ಇಳಿ, ಓಡು ಎಂದು ಕೂಗಿ ತಾನು ಕೆಂಪು ಬಾವುಟ ಹಿಡಿದು ಟ್ರೈನಿನ ಕಡೆ ಓಡಿದೆನೆಂದ. ಆ ಹುಡುಗ ಇಳಿಯಲಿಲ್ಲ. ಇನ್ನೇನು ಮುಂದಿನ ಲಾರಿ ಹೊರಡುತ್ತದೆ ಎಂದು ಹಾರನ್ ಒತ್ತಿಕೊಂಡೇ ಇದ್ದ.

ಮುಂದಿನ ಲಾರಿ ಏಕೆ ಹೊರಡಲಿಲ್ಲ? ಅವತ್ತು ಮಂಜಿನ ಗಾಳಿಗೆ ಕರ್ಪೂರ ಆರಿಹೋಗಿತ್ತು. ಆರಿದ ಆರತಿ ಮುಟ್ಟಿ ಹೊರಡುವುದು ಅಪಶಕುನ. ಪೂಜಾರಿ ಮತ್ತೆ ಕಡ್ಡಿ ಗೀರಿದ, ಅದೂ ಆರಿತು. ಆಣೆಯಿಟ್ಟವನು ಕಾಯುತ್ತ ಕೂತ.

ಹಲವು ದಿನ ಕಳೆದು ಒಂದು ಮಧ್ಯಾಹ್ನ ಅಂದಾನಿ ಅನ್ನದ ತಟ್ಟೆಯನ್ನು ನೋಡುತ್ತಲೇ, “ಕೇಳುಸ್ತು ಕಣೆ,” ಎಂದ. “ಹಾರನ್ನು ನಂಗೆ ಕೇಳುಸ್ತು. ಓಲಗ ಊದ್ತಾವ್ನೆ ಅಂತ ನಕ್ಕೊಂಡ್ ಕೂತಿದ್ದೆ.”

ನಾನೂ ನಕ್ಕೆ ಎಂದು ಹೇಳಲು ಗುಣವತಿಗೆ ಬಾಯಿ ಬರಲಿಲ್ಲ. ಆಣೆಯ ದೀಪ ಹಚ್ಚಿದವಳು ನೀನೇ ಎಂದು ಅವನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು. ಅವನು ಲಾರಿ ಬಿಟ್ಟ. ರಸ್ತೆಯಲ್ಲಿ ಯಾವ ಹಾರನ್ ಕೇಳಿದರೂ ಅನ್ನದ ಮುಂದಿನಿಂದ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದ.

ಅವತ್ತು ಆ ಟ್ರೈನು ಓಡಿಸುತ್ತಿದ್ದ ಗುರುಚರಣ ಆಸ್ಪತ್ರೆಯಲ್ಲಿದ್ದ. ಒಂದು ಕಾಲು ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರು ಇನ್ನೂ ಹೇಳಿರಲಿಲ್ಲ. ಗುಣವತಿ ಹೋಗಿ ಮಂಚದ ಪಕ್ಕ ನಿಂತಳು. ಬೈಯುತ್ತಾನೆ ಎಂದುಕೊಂಡು ಹೋಗಿದ್ದಳು, ಬೈಸಿಕೊಳ್ಳಲೆಂದೇ ಹೋಗಿದ್ದಳು. ಅವನು ಗೋಡೆಯ ಕಡೆ ನೋಡುತ್ತ ಮಾತಾಡಿದ.

“ಬಾವುಟ ಕಂಡ ಕೂಡ್ಲೇ ಬ್ರೇಕ್ ಹಿಡಿದೆ ಗುಣವತಿ. ಪೂರ್ತಿ ಹಿಡಿದೆ. ಆಮೇಲೆ ನನಗೆ ಮಾಡಕ್ಕೆ ಕೆಲಸ ಇರ್ಲಿಲ್ಲ. ನೋಡೋದೊಂದೇ ಕೆಲಸ. ಲಾರಿ ಕಂಡ್ತು, ಆಮೇಲೆ ನಿಂಬೆಹಣ್ಣು ಕಂಡ್ತು, ಆಮೇಲೆ ನಿನ್ನ ಶಾಲು.” ಅವನು ಹೊದಿಕೆಯನ್ನು ಎದೆಗೆ ಎಳೆದುಕೊಂಡ. “ಅವನು ನನ್ನ ಕಡೆ ತಿರುಗ್ಲೇ ಇಲ್ಲಮ್ಮಾ. ಮುಂದೆ ಭಾವನ ಲಾರಿಯನ್ನೇ ನೋಡ್ತಿದ್ದ.”

ಗುಣವತಿ ಮಂಚದ ಕಬ್ಬಿಣ ಹಿಡಿದು ನಿಂತೇ ಇದ್ದಳು. ಆ ಕಬ್ಬಿಣ ತಣ್ಣಗಿತ್ತು.

ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಕೂತಿದ್ದಳು. ಮಡಿಲಲ್ಲಿ ಮೊರವಿತ್ತು, ಮೊರದಲ್ಲಿ ಅಕ್ಕಿ ಇರಲಿಲ್ಲ. ಗುಣವತಿ ಅವಳ ಮುಂದೆ ಕೂತು, ಅಮ್ಮ ಕೂತಿದ್ದಾಳೆ ಎಂದಿರಲ್ಲ ಅತ್ತೆ, ಅವತ್ತು ಎಲ್ಲಿ ಹೋಗಿದ್ದಳು ಎಂದು ಕೇಳಿದಳು.

ಚಿಕ್ಕತಾಯಮ್ಮ ಖಾಲಿ ಮೊರವನ್ನು ಪಕ್ಕಕ್ಕಿಟ್ಟಳು. ಆಮೇಲೆ, “ಆ ಕತೆ ನಾನು ಪೂರ್ತಿ ಹೇಳ್ಲಿಲ್ಲ ಮಗಾ,” ಎಂದಳು. “ಹಾವು ನಿಲ್ಲಕ್ಕಾಗಕ್ಕಿಲ್ಲ ಅಂದಾಗ ಅಮ್ಮ ಅಲ್ಲಿ ಕೂತ್ಲಲ್ಲ, ಹಾವ್ನ ತಡೆಯಕ್ಕೆ ಕೂರ್ಲಿಲ್ಲ. ಮಕ್ಳನ್ನ ತಡೆಯಕ್ಕೆ ಕೂತ್ಲು. ಹಳಿ ಪಕ್ದಲ್ಲಿ ಕೂತವ್ಳೆ ನೋಡು. ಹಳಿ ಮ್ಯಾಲೆ ಅವ್ಳೂ ಕೂರ್ಲಿಲ್ಲ. ಅವ್ಳಿಗೂ ಭಯ ಅದೆ.”

ಆ ಮಾತು ಕಥೆಯಲ್ಲಿ ಮೊದಲೇ ಇತ್ತೋ, ಆಗ ಹುಟ್ಟಿತೋ ಗುಣವತಿ ಕೇಳಲಿಲ್ಲ. ಇಷ್ಟು ತಡವಾಗಿ ಬಂದ ಕಥೆಯ ಕೊನೆಯನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಮಾರನೆಯ ದಿನ ಅತ್ತೆ ಸೊಸೆ ಇಬ್ಬರೂ ಪೂಜಾರಿಯ ಹತ್ತಿರ ಹೋದರು. ಬಡಾವಣೆಯ ಸ್ವಸಹಾಯ ಸಂಘದ ಹೆಂಗಸರೂ ಬಂದರು. ಆರತಿ ತಟ್ಟೆಯನ್ನು ರಸ್ತೆಗೆ ತರಬೇಡ, ಮುಂದಿನ ಹುಣಿಸೆ ತೋಪಿನ ಬಯಲಿನಲ್ಲಿ ಲಾರಿಗಳು ರಸ್ತೆ ಬಿಟ್ಟು ನಿಲ್ಲಲು ಜಾಗವಿದೆ, ಅಲ್ಲಿ ಒಂದು ಕಲ್ಲು ನೆಟ್ಟು ಅಲ್ಲೇ ಮಂಗಳಾರತಿ ಕೊಡು ಎಂದು ಬೇಡಿಕೊಂಡರು. ಪೂಜಾರಿ ಅವತ್ತಿನಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅವನು ಒಪ್ಪಿಕೊಂಡ. ಕಲ್ಲು ನೆಟ್ಟದ್ದಾಯಿತು. ಅಂದಾನಿ ತಾನೇ ಗುಂಡಿ ತೋಡಿದ.

ಆದರೆ ಅಭ್ಯಾಸ ಕಲ್ಲಿನಷ್ಟು ಸುಲಭವಾಗಿ ಜಾಗ ಬದಲಿಸುವುದಿಲ್ಲ. ಗೇಟು ದಾಟಿದ ಲಾರಿಗಳು ಬೇವಿನ ಮರ ಕಂಡ ಕೂಡಲೇ ಇವತ್ತಿಗೂ ನಿಧಾನಿಸುತ್ತವೆ. ಅದಕ್ಕೇ ಗುಣವತಿ ದಿನವೂ ಬೆಳಿಗ್ಗೆ ಅಲ್ಲಿ ಹೋಗಿ ನಿಲ್ಲುತ್ತಾಳೆ. ಅವಳ ಹೆಗಲ ಮೇಲೆ ಆ ಶಾಲು ಇರುತ್ತದೆ. ಮುಂದೆ ಹೋಗಿ, ಮುಂದೆ ಹೋಗಿ ಎಂದು ಕೈಬೀಸುತ್ತಾಳೆ. ಕೆಲವರು ಹೋಗುತ್ತಾರೆ. ಕೆಲವರು ಇವಳಿಗೆ ತಲೆ ಕೆಟ್ಟಿದೆ ಎಂದು ನಗುತ್ತಾರೆ.

ಮೊನ್ನೆ ಕನ್ನಡದವನೇ ಒಬ್ಬ ಹೊಸ ಡ್ರೈವರ್ ನಿಲ್ಲಿಸಿಯೇಬಿಟ್ಟ. ಒಂದೇ ನಿಮಿಷ ಅಕ್ಕ, ಕೈ ಮುಗಿದು ಹೊರಟೆ ಎಂದ.

ಗುಣವತಿ ಅವನ ಕಿಟಕಿಯ ಹತ್ತಿರ ಹೋದಳು. “ಕೈ ಮುಗಿ ಕಣಪ್ಪ, ಬ್ಯಾಡ ಅನ್ನಲ್ಲ. ಮುಗಿಯೋಕೆ ಮುಂಚೆ ಒಂದ್ಸಲ ಕನ್ನಡೀಲಿ ನೋಡು. ನಿನ್ ಹಿಂದೆ ಯಾರವ್ರೆ?”

ಅವನು ನೋಡಿದ. ಹಿಂದೆ, ಹಳಿಯ ಮೇಲೆ, ಒಂದು ಶಾಲೆಯ ಆಟೋ ನಿಂತಿತ್ತು. ಅವನು ಥಟ್ಟನೆ ಗೇರು ಹಾಕಿದ. ಆಟೋ ಹಳಿ ಇಳಿದು ಅವಳ ಮುಂದೆ ಹಾದುಹೋಯಿತು. ಮಕ್ಕಳು ಕೈಬೀಸಿದರು. ಅವಳು ಕೈಬೀಸಲಿಲ್ಲ, ಆಟೋ ಹೋದ ಮೇಲೆ ಖಾಲಿಯಾದ ಹಳಿಯನ್ನು ನೋಡುತ್ತ ನಿಂತಳು. ಅವತ್ತು ಕಿಟ್ಟುವಿಗೆ ಇಷ್ಟೇ ಜಾಗ ಬೇಕಿತ್ತು.

ಇದನ್ನು ಓದುತ್ತಿರುವ ಅಣ್ಣಂದಿರೇ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ನಿಮ್ಮ ದಾರಿಯಲ್ಲೂ ಒಂದು ಗೇಟು ಇರುತ್ತದೆ. ಅದರಾಚೆ ಗುಡಿ ಇಲ್ಲದಿದ್ದರೆ ಟೀ ಅಂಗಡಿ ಇರುತ್ತದೆ, ಬಸ್ ಸ್ಟಾಪ್ ಇರುತ್ತದೆ, ಮಾತಿಗೆ ಸಿಗುವ ಗೆಳೆಯ ಇರುತ್ತಾನೆ. ಅಲ್ಲಿ ನಿಲ್ಲಿಸಬೇಡಿ. ಆಚೆ ಬದಿಯಲ್ಲಿ ನಿಮ್ಮ ಇಡೀ ಗಾಡಿಗೆ ಜಾಗ ಕಾಣುವ ತನಕ ಹಳಿಯ ಮೇಲೆ ಚಕ್ರ ಇಡಬೇಡಿ, ಮುಂದಿರುವವನು ನಿಮ್ಮ ಸ್ವಂತ ಭಾವನೇ ಆಗಿರಲಿ. ಕಂಬ ಇಳಿಯುತ್ತಿದ್ದರೆ ಈಚೆಯೇ ನಿಲ್ಲಿ. ಒಂದು ಟ್ರೈನ್ ಹೋಯಿತೆಂದು ನುಗ್ಗಬೇಡಿ, ಇನ್ನೊಂದು ಬರುತ್ತಿರಬಹುದು. ಸಿಕ್ಕಿಕೊಂಡಿರೋ, ಇಳಿದು ಓಡಿ. ಲಾರಿಯನ್ನು ಅಲ್ಲೇ ಬಿಡಿ, ಹಾರನ್ನನ್ನೂ ಬಿಡಿ. ಮನೆಯಲ್ಲಿರುವ ತಾಯಂದಿರೇ, ಹರಕೆ ಹೊರುವುದಿದ್ದರೆ ನಿಮ್ಮವರು ನಿಲ್ಲಲಿ ಎಂದು ಹೊರಬೇಡಿ, ಹಿಂದಿನವರಿಗೆ ದಾರಿ ಬಿಡಲಿ ಎಂದು ಹೊರಿ.

ದೇವರಿಗೆ ಮುಂದೆ ಹೋಗಿ ಕೈ ಮುಗಿಯಿರಿ. ಹಳಿಯ ಮೇಲೆ, ನಿಮ್ಮ ಬೆನ್ನ ಹಿಂದೆ ನಿಂತಿರುವವನು ಯಾರೋ ಒಬ್ಬಳ ತಮ್ಮ.